ಕೊಕ್ಕೆಯಲ್ಲಿ ಉಳಿದ ಕೀ

ನಾನು ಹುಟ್ಟಾ ಪುಕ್ಕಲಿ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸ್ ಹೋಗಿ ನೋಡಿಬಂದವಳು. ಅಂಥವಳ ಕೈಗೆ ಕರೆಂಟಿನ ಕೆಲಸ ಬಂತು. ಕಂಬ ಹತ್ತುವುದಲ್ಲ, ಕಂಪ್ಯೂಟರಿನ ಮುಂದೆ ಕೂರುವುದೇ. ಆದರೂ ಆ ಮಳೆಗಾಲದ ಒಂದು ಮಧ್ಯಾಹ್ನ ಹೆದರಿದಷ್ಟು ನಾನು ಅದಕ್ಕೆ ಮೊದಲು ಎಂದೂ ಹೆದರಿರಲಿಲ್ಲ.

ಮೊದಲು ಕೆಲಸ ಏನೆಂದು ಹೇಳುತ್ತೇನೆ. ಲೈನ್‌ಮ್ಯಾನ್ ಕಂಬ ಹತ್ತುವ ಮೊದಲು, ಆ ಲೈನಿಗೆ ಕರೆಂಟು ಬಿಡುವ ಸಬ್‌ಸ್ಟೇಷನ್ನಿನಿಂದ 'ಲೈನ್ ಕ್ಲಿಯರ್' ಪಡೆಯಬೇಕು. ಎಲ್ಲರ ಬಾಯಲ್ಲೂ ಅದು ಎಲ್‌ಸಿ. ಎಲ್‌ಸಿ ಕೊಟ್ಟ ಮೇಲೆ, ಪಡೆದವನು ವಾಪಸ್ ಕೊಡುವವರೆಗೆ ಸ್ಟೇಷನ್ನಿನವರು ಆ ಲೈನನ್ನು ಚಾರ್ಜ್ ಮಾಡುವಂತಿಲ್ಲ, ಅಂದರೆ ಅದಕ್ಕೆ ಕರೆಂಟು ಬಿಡುವಂತಿಲ್ಲ. ನಾನು ಹೇಳುವ ಲೈನಿಗೆ ಎರಡು ತುದಿ. ಸೋಮವಾರಪೇಟೆ ಕಡೆ ಎತ್ತರದಲ್ಲಿ ಒಂದು ಸ್ಟೇಷನ್, ಶಿರಂಗಾಲದ ಕಡೆ ತಗ್ಗಿನಲ್ಲಿ ಇನ್ನೊಂದು. ಎರಡರಲ್ಲಿ ಯಾವ ಕಡೆಯಿಂದ ಬೇಕಾದರೂ ಕರೆಂಟು ಹರಿಸಬಹುದು. ಅಂದರೆ ಎಲ್‌ಸಿ ಎರಡು ತುದಿಯಲ್ಲೂ ಏಕಕಾಲಕ್ಕೆ ಇರಬೇಕು, ಏಕಕಾಲಕ್ಕೆ ಹೋಗಬೇಕು. ಒಂದು ತುದಿಯಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲವಾದರೆ, ಕಂಬದ ಮೇಲಿರುವವನ ಕಥೆ ಅಲ್ಲಿಗೆ ಮುಗಿಯಿತು.

ಮುಂಚೆ ಇದೆಲ್ಲ ಎರಡು ದಪ್ಪ ಪುಸ್ತಕಗಳಲ್ಲಿ, ಫೋನಿನಲ್ಲಿ ನಡೆಯುತ್ತಿತ್ತು. ಅದನ್ನು ಕಂಪ್ಯೂಟರಿಗೆ ತರುವ ಗುತ್ತಿಗೆ ನಮ್ಮ ಸಣ್ಣ ಕಂಪನಿಗೆ ಸಿಕ್ಕಿತು, ಕಂಪನಿ ಅದನ್ನು ನನ್ನ ತಲೆಗೆ ಕಟ್ಟಿತು. ನಮ್ಮಲ್ಲಿ ಮಳೆ ಹಿಡಿದರೆ ನೆಟ್‌ವರ್ಕನ್ನು ನಂಬುವ ಹಾಗಿಲ್ಲ. ಹಾಗಾಗಿ ಮೇಲಿನ ಸ್ಟೇಷನ್ನಿಗೊಂದು, ಕೆಳಗಿನದಕ್ಕೊಂದು, ಕುಶಾಲನಗರದ ಆಫೀಸಿಗೊಂದು ಎಂದು ಮೂರು ಡೇಟಾಬೇಸ್ ಇಟ್ಟೆ. ಸ್ಟೇಷನ್ನಿನ ಡೇಟಾಬೇಸಿನಲ್ಲಿ ಎಲ್‌ಸಿ ಇದ್ದರೆ ಪರದೆ ಕೆಂಪು, ಇಲ್ಲದಿದ್ದರೆ ಹಸಿರು. ಕೆಂಪಿದ್ದಾಗ ಚಾರ್ಜ್ ಮಾಡುವ ಗುಂಡಿ ಒತ್ತಿದರೂ ಕೆಲಸ ಮಾಡದ ಹಾಗೆ ಪ್ಯಾನೆಲ್ಲಿಗೆ ತಂತಿ ಎಳೆಸಿದ್ದೆ.

ಮೊದಲು ನಾನು ಹಿಡಿದದ್ದು ಸುಲಭದ ದಾರಿ. ಮೇಲಿನದಕ್ಕೆ ಬರೆ, ಆಮೇಲೆ ಕೆಳಗಿನದಕ್ಕೆ ಬರೆ, ಕೊನೆಗೆ ಆಫೀಸಿನದಕ್ಕೆ. ಬೇಸಿಗೆಯಲ್ಲಿ, ಲೈನಿನಲ್ಲಿ ಯಾರೂ ಇಲ್ಲದ ದಿನ ಸುಮ್ಮನೆ ಒಂದು ಎಲ್‌ಸಿ ಕೊಟ್ಟು ನೋಡಿದೆವು. ಎರಡು ಬರವಣಿಗೆಗಳ ನಡುವೆ ನೆಟ್ ಹೋಯಿತು. ಮೇಲೆ ಕೆಂಪು, ಕೆಳಗೆ ಹಸಿರು. ಅಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಎರಡು ರಾತ್ರಿ ನಿದ್ದೆಯೂ ಸರಿಯಾಗಿ ಬರಲಿಲ್ಲ.

ಆಮೇಲೆ ಎರಡು ಸುತ್ತಿನ ಪದ್ಧತಿಗೆ ಬದಲಾಯಿಸಿದೆ. ಇಬ್ಬರು ಸೇರಿ ಬೀರುವನ್ನು ಮೆಟ್ಟಿಲಿಳಿಸುವಾಗ ಮಾಡುವುದನ್ನೇ ಇದರಲ್ಲೂ ಮಾಡುವುದು. ಮೊದಲು 'ಹಿಡ್ಕೊಂಡ್ರಾ' ಎಂದು ಕೇಳುತ್ತಾರೆ. ಇಬ್ಬರೂ ಹ್ಞೂಂ ಅಂದ ಮೇಲೆ 'ಇಳಿಸಿ' ಅನ್ನುತ್ತಾರೆ. ಹ್ಞೂಂ ಅಂದವನು ಆಮೇಲೆ ತನ್ನಿಷ್ಟದಂತೆ ಕೈ ಬಿಡುವ ಹಾಗಿಲ್ಲ, ಮುಂದಿನ ಮಾತು ಬರುವವರೆಗೆ ಭಾರ ಹೊತ್ತು ನಿಂತೇ ಇರಬೇಕು. ಕೇಳುವ, ಹೇಳುವ ಕೆಲಸಕ್ಕೆ ಕುಶಾಲನಗರದ ಆಫೀಸಿನಲ್ಲಿ ಒಂದು ಪ್ರೋಗ್ರಾಮ್ ಇಟ್ಟೆ. ಅದಕ್ಕೆ ಸೂತ್ರಧಾರ ಎಂದು ಹೆಸರಿಟ್ಟೆ. ಸೂತ್ರಧಾರ ಮೂರೂ ಡೇಟಾಬೇಸುಗಳನ್ನು ಕೇಳುತ್ತದೆ, ಮೂರೂ 'ಸಿದ್ಧ' ಅಂದರೆ ತೀರ್ಮಾನವನ್ನು ತನ್ನ ಲಾಗ್ ಎಂಬ ದಾಖಲೆಯಲ್ಲಿ ಬರೆದುಕೊಂಡು ಮೂರಕ್ಕೂ ಕಮಿಟ್, ಅಂದರೆ 'ಖಾಯಂ ಮಾಡು', ಎಂದು ಹೇಳುತ್ತದೆ. ಸಿದ್ಧ ಅಂದು ಮುಂದಿನ ಮಾತಿಗೆ ಕಾಯುತ್ತಿರುವ ಸ್ಟೇಷನ್ನಿನ ಪರದೆ ಹಳದಿ. ಹಳದಿಯಿದ್ದಾಗಲೂ ಗುಂಡಿ ಕೆಲಸ ಮಾಡುವುದಿಲ್ಲ.

ತರಬೇತಿಯ ದಿನ ಎಲ್ಲರನ್ನೂ ಕೂರಿಸಿ, ಇದ್ದರೆ ಮೂರರಲ್ಲೂ ಇರಬೇಕು, ಇಲ್ಲದಿದ್ದರೆ ಒಂದರಲ್ಲೂ ಇರಬಾರದು, ಯಾರೂ ಯಾವ ಕಾರಣಕ್ಕೂ ಒಂದೇ ಡೇಟಾಬೇಸಿಗೆ ಕೈ ಹಾಕಬಾರದು ಎಂದು ಭಾಷಣ ಬಿಗಿದೆ. ಹಳೆಯ ಪುಸ್ತಕದಲ್ಲಿ ಎಲ್‌ಸಿ ಪಡೆದವನ ಹೆಸರಿನ ಕೆಳಗೆ 'ಜೊತೆಯಲ್ಲಿ ಕೆಲಸ ಮಾಡುವವರು' ಎಂದು ನಾಲ್ಕು ಗೆರೆ ಇರುತ್ತಿತ್ತು, ಪ್ರತಿಯೊಬ್ಬರೂ ಸಹಿ ಹಾಕಬೇಕಿತ್ತು. ಈಗ ಎಲ್‌ಸಿ ಪಡೆಯುವುದೂ ವಾಪಸ್ ಕೊಡುವುದೂ ಫೋನಿನ ಆಪ್‌ನಲ್ಲಿ. ಮಳೆಯಲ್ಲಿ ಫೋನ್ ಹಿಡಿದು ಅಷ್ಟು ಹೆಸರು ಯಾರು ತುಂಬುತ್ತಾರೆ ಎಂದು ನಾನು ಆ ನಾಲ್ಕು ಗೆರೆಯನ್ನು ತೆಗೆದುಹಾಕಿದೆ. ಒಬ್ಬರ ಹೆಸರು, ಒಂದು ಗುಂಡಿ. ಎಲ್ಲರೂ ಸುಲಭವಾಯಿತು ಎಂದು ಹೊಗಳಿದರು, ನಾನು ಬೀಗಿದೆ.

ಮೇಲಿನ ಸ್ಟೇಷನ್ನಿನ ಆಪರೇಟರ್ ಮಾತ್ರ ಹೊಗಳಲಿಲ್ಲ. ಅವರು ಸೋಮವಾರಪೇಟೆ ಕಡೆಯವರೇ, ಹಣೆಗೆ ವಿಭೂತಿ ಇಲ್ಲದೆ ಡ್ಯೂಟಿಗೆ ಬಂದವರಲ್ಲ, ನಿವೃತ್ತಿಗೆ ಹತ್ತಿರ ಬಂದಿದ್ದರು. ಅವರದ್ದೊಂದು ಪದ್ಧತಿ ಇತ್ತು. ಲೈನ್ ಕೆಲಸಕ್ಕೆ ಹೋಗುವವರು ಬೈಕನ್ನು ಸ್ಟೇಷನ್ನಿನ ಶೆಡ್ಡಿನಲ್ಲಿ ಬಿಟ್ಟು ಜೀಪಿನಲ್ಲಿ ಹೋಗುತ್ತಾರೆ. ಹಾಗೆ ಹೋಗುವ ಮೊದಲು ಬೈಕಿನ ಕೀಯನ್ನು ಇವರ ಕೈಗೆ ಕೊಡಬೇಕು. ಇವರು ಅದನ್ನು ಆ ಲೈನಿನ ಪ್ಯಾನೆಲ್ ಮೇಲಿರುವ ಕೊಕ್ಕೆಗೆ ನೇತುಹಾಕುತ್ತಾರೆ. ಕೆಲಸ ಮುಗಿಸಿ ಬಂದವನು ಎದುರಿಗೆ ನಿಂತು, ಬಾಯಿಬಿಟ್ಟು ಹೇಳಿ, ಕೀ ತೆಗೆದುಕೊಂಡು ಹೋಗಬೇಕು.

"ಇನ್ನು ಇದೆಲ್ಲ ಬೇಡ, ಆಪ್‌ನಲ್ಲೇ ಬರುತ್ತೆ" ಎಂದು ನಾನು ಹೇಳಿದ್ದೆ.

"ನಿಮ್ಮ ಮಿಷನ್ ಪಾಡಿಗೆ ಮಿಷನ್ ಇರ್ಲಿ ಮೇಡಂ" ಅಂದಿದ್ದರು ಅವರು. "ಗಾಡಿ ಬಿಟ್ಟು ಯಾವನೂ ಮನೆಗ್ ಹೋಗಕಿಲ್ಲ. ಕೀ ಐತೆ ಅಂದ್ರೆ ಆಳು ಇನ್ನೂ ಲೈನಲ್ಲವ್ನೆ. ನಂಗೆ ಅಷ್ಟು ಗೊತ್ತಾದ್ರೆ ಸಾಕು."

ಹಳೆಯ ಕಾಲದವರು, ಇರಲಿ ಬಿಡು ಎಂದು ಸುಮ್ಮನಾದೆ.

ವ್ಯವಸ್ಥೆ ಶುರುವಾಗಿ ಮೂರನೇ ವಾರ. ಎರಡು ದಿನದಿಂದ ಬಿಡದೆ ಗಾಳಿ. ಎಸ್ಟೇಟೊಂದರ ಸಿಲ್ವರ್ ಓಕ್ ಮರ ಲೈನಿನ ಮೇಲೆ ಉರುಳಿ, ಊರೂರಿಗೆ ಕರೆಂಟಿರಲಿಲ್ಲ. ಆ ದಿನ ಬೆಳಿಗ್ಗೆ ಲೈನ್ ಮೇಸ್ತ್ರಿ ಎಲ್‌ಸಿ ತೆಗೆದುಕೊಂಡು ನಾಲ್ವರೊಂದಿಗೆ ಇಲಾಖೆಯ ಜೀಪಿನಲ್ಲಿ ಹೋಗಿದ್ದರು. ಆ ನಾಲ್ವರು ಜೀಪಿನಲ್ಲೇ ಬಂದವರು, ಬೈಕ್ ಬಿಟ್ಟುಹೋದದ್ದು ಮೇಸ್ತ್ರಿ ಮಾತ್ರ. ಮೇಲಿನ ಸ್ಟೇಷನ್ನಿನ ಕಂಪ್ಯೂಟರ್ ನಿಧಾನವಾಗಿದೆ ಎಂದು ದೂರು ಬಂದಿದ್ದರಿಂದ ನಾನು ಹನ್ನೊಂದರ ಹೊತ್ತಿಗೆ ಸ್ಕೂಟರಿನಲ್ಲಿ ಅಲ್ಲಿಗೆ ತಲುಪಿದೆ. ರೈನ್‌ಕೋಟ್ ಬಿಚ್ಚುವಾಗ ಪ್ಯಾನೆಲ್ ಕಡೆ ನೋಡಿದ ನೆನಪಿದೆ. ಕೊಕ್ಕೆಯಲ್ಲಿ ಎರಡು ಕೀಗಳಿದ್ದವು. ಒಂದಕ್ಕೆ ಹಳದಿ ಪ್ಲಾಸ್ಟಿಕ್ ದಾರ ಕಟ್ಟಿತ್ತು. ನೋಡಿದೆ ಅಷ್ಟೇ, ಅದರ ಬಗ್ಗೆ ಯೋಚಿಸಲಿಲ್ಲ.

ಒಂದೂವರೆಗೆ ಮೇಸ್ತ್ರಿ ಮರ ಬಿದ್ದಿದ್ದ ಜಾಗದಿಂದ ಆಪ್‌ನಲ್ಲಿ ಎಲ್‌ಸಿ ವಾಪಸ್ ಒತ್ತಿದರು. ನಮ್ಮ ಪರದೆ ಕೆಂಪಿನಿಂದ ಹಳದಿಗೆ ತಿರುಗಿತು. ಸಾಮಾನ್ಯವಾಗಿ ಹಳದಿ ಕಣ್ಣು ಮಿಟುಕಿಸುವಷ್ಟು ಹೊತ್ತು ಇರುತ್ತದೆ. ಆ ದಿನ ಅದು ಹಳದಿಯಾಗಿಯೇ ನಿಂತಿತು. ಒಂದು ನಿಮಿಷ, ಎರಡು ನಿಮಿಷ.

ಆಫೀಸಿಗೆ ಫೋನ್ ಮಾಡಿದೆ. ಅಟೆಂಡರ್ ಎತ್ತಿ, "ಯುಪಿಎಸ್‌ನಿಂದ ಸುಟ್ಟ ವಾಸನೆ ಬಂತು ಮೇಡಂ, ಎಲ್ಲ ಆಫ್ ಆಗೋಗಿದೆ, ರಿಪೇರಿಯವರಿಗೆ ಹೇಳಿದ್ದೀವಿ" ಅಂದ. ಸೂತ್ರಧಾರ ಮೂರನ್ನೂ ಕೇಳಿ, ಮೂರರಿಂದಲೂ ಹ್ಞೂಂ ಅನ್ನಿಸಿಕೊಂಡು, ಆಮೇಲೆ ಸತ್ತಿತ್ತು. ನಮ್ಮಿಂದ ಕೆಳಗಿನ ಸ್ಟೇಷನ್ನಿಗೆ ಬೇರೆ ಸಂಪರ್ಕವಿತ್ತು, ಅದರಲ್ಲಿ ಹೊಕ್ಕು ನೋಡಿದೆ. ಕೆಳಗೆ ಹಸಿರು. ಅಂದರೆ ಸಾಯುವ ಮೊದಲು ಸೂತ್ರಧಾರ ಕಮಿಟ್ ಎಂದು ತೀರ್ಮಾನಿಸಿ, ಕೆಳಗಿನವರಿಗೆ ಹೇಳಿ, ನಮಗೆ ಹೇಳುವಷ್ಟರಲ್ಲಿ ಉಸಿರು ಬಿಟ್ಟಿತ್ತು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನಾನೇ ಬರೆದಿಟ್ಟಿದ್ದೆ. ಮೂರರಲ್ಲಿ ಒಂದಾದರೂ ಕಮಿಟ್ ಆಗಿದ್ದರೆ ತೀರ್ಮಾನ ಕಮಿಟ್ ಎಂದೇ ಅರ್ಥ, ಕಾಯುತ್ತಿರುವುದನ್ನು ಕೈಯಿಂದ ಕಮಿಟ್ ಮಾಡಬಹುದು. ಅದಕ್ಕೆ ಒಂದು ಸಾಲಿನ ಆಜ್ಞೆ ಸಾಕು. ಆ ಸಾಲನ್ನು ಟೈಪ್ ಮಾಡಿದೆ, ಅಕ್ಷರ ಅಕ್ಷರ ಓದಿದೆ. ತಪ್ಪೇನೂ ಇರಲಿಲ್ಲ. ಎಂಟರ್ ಒತ್ತುವುದೊಂದೇ ಬಾಕಿ. ಬೆರಳು ಹೋಗಲಿಲ್ಲ.

ಅದನ್ನು ಮುಂದಾಲೋಚನೆ ಎಂದು ಯಾರೂ ತಿಳಿಯಬಾರದು. ನನಗೆ ಆಗ ಯಾವ ಅನುಮಾನವೂ ಇರಲಿಲ್ಲ. ಬರೀ ಹೆದರಿಕೆ, ಗ್ಯಾಸ್ ಆರಿಸಿದ್ದೇನೆಯೇ ಎಂಬಂಥದ್ದೇ. ಮೂರು ವಾರದಲ್ಲಿ ಮೊದಲ ಸಲ, ಸೂತ್ರಧಾರ ಹೇಳಬೇಕಾದ ಮಾತನ್ನು ನಾನು ಹೇಳಬೇಕಾಗಿತ್ತು. ಹೇಳಿದ ಮೇಲೆ ಗುಂಡಿ ಕೆಲಸ ಮಾಡುತ್ತದೆ, ಎಷ್ಟೋ ಮೈಲಿ ತಂತಿಯಲ್ಲಿ ಹನ್ನೊಂದು ಸಾವಿರ ವೋಲ್ಟ್ ಓಡುತ್ತದೆ. ಒತ್ತಿದ ಬೆರಳು ನನ್ನದಾಗಿರುತ್ತದೆ ಎಂಬ ಯೋಚನೆಗೇ ಕೈ ಮರಗಟ್ಟಿತು.

ಅಷ್ಟರಲ್ಲಿ ಈ ಲೈನಿನ ಹೊಣೆ ಹೊತ್ತ ಇಲಾಖೆಯ ಇಂಜಿನಿಯರ್ ಸಾಹೇಬರ ಫೋನ್ ಬಂತು. ಒಳ್ಳೆಯ ಮನುಷ್ಯ. ಆದರೆ ಎರಡು ದಿನದಿಂದ ಸರಿಯಾಗಿ ಊಟವಿರಲಿಲ್ಲ, ನಿದ್ದೆಯಿರಲಿಲ್ಲ. ಕುಡಿಯುವ ನೀರಿನ ಪಂಪುಗಳು ನಿಂತು, ಜನ ಅವರ ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದರು.

"ಮೇಡಂ, ಎಲ್‌ಸಿ ವಾಪಸ್ ಬಂದಿದೆ, ನಿಮ್ಮಲ್ಲಿ ಯಾಕೆ ಚಾರ್ಜ್ ಆಗ್ತಾ ಇಲ್ಲ?"

ಹಳದಿಯ ವಿಷಯ ಹೇಳಿದೆ.

"ಕೈಯಿಂದ ಮಾಡಬಹುದು ಅಂತ ನೀವೇ ಹೇಳಿಕೊಟ್ಟಿದ್ರಲ್ಲ. ಮಾಡಿ."

"ಮೇಸ್ತ್ರಿ ಜೀಪು ಇಲ್ಲಿಗೇ ಬರ್ತಿದೆ ಸರ್. ಅವರ ಬಾಯಲ್ಲಿ ಒಂದು ಮಾತು ಕೇಳಿ ಮಾಡ್ತೀನಿ."

"ಬಾಯಲ್ಲಿ ಕೇಳೋದಾದ್ರೆ ನಿಮ್ಮ ಆಪ್ ಯಾಕೆ ಬೇಕಿತ್ತು ಮೇಡಂ?" ಅಂದರು. "ಹತ್ತು ನಿಮಿಷ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಕೆಳಗಿನ ಸ್ಟೇಷನ್ನಿಂದ ಚಾರ್ಜ್ ಮಾಡಿಸ್ತೀನಿ. ಅಲ್ಲಿ ಹಸಿರಿದೆಯಲ್ಲ."

ಅವರು ಹೇಳಿದ್ದೂ ನ್ಯಾಯವೇ. ಗೋಡೆಯ ಗಡಿಯಾರ ನೋಡುತ್ತಾ ಕೂತೆ. ಆಪರೇಟರ್ ನನಗೆ ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಟ್ಟರು. "ಬಿಸಿ ಐತೆ, ಕೆಳಗಿಟ್ಕಂಡು ಕುಡೀರಿ" ಅಂದರು.

ಎಂಟನೇ ನಿಮಿಷಕ್ಕೆ ಜೀಪು ಬಂತು. ಐದೂ ಜನ ಇಳಿದರು. ಕೆಸರಿನ ಗಂಬೂಟಿನಲ್ಲೇ ಮೇಸ್ತ್ರಿ ಒಳಗೆ ಬಂದು, "ನಮ್ಮದು ಮುಗೀತು, ಎಲ್ಲ ಇಳ್ದಿದ್ದಾರೆ, ಸಾಮಾನೂ ಇಳ್ಸಾಯ್ತು" ಎಂದು ಆಪರೇಟರಿಗೆ ಹೇಳಿ, ಕೊಕ್ಕೆಯಿಂದ ತಮ್ಮ ಕೀ ತೆಗೆದುಕೊಂಡರು. ನನಗೆ ಹೋದ ಜೀವ ಬಂದಂತಾಯಿತು. ಕಂಪ್ಯೂಟರಿನ ಕಡೆ ತಿರುಗಿದೆ. ಎಂಟರ್ ಮೇಲೆ ಬೆರಳಿಟ್ಟೆ.

"ತಡೀರಿ ಮೇಡಂ" ಅಂದರು ಆಪರೇಟರ್. ಅವರು ಕೊಕ್ಕೆಯನ್ನೇ ನೋಡುತ್ತಿದ್ದರು. ಹಳದಿ ದಾರದ ಕೀ ಅಲ್ಲೇ ಇತ್ತು. "ಅಮ್ಮತ್ತಿಯವನು ಎಲ್ಲಿ?"

ಅಮ್ಮತ್ತಿಯವನು ಎಂದರೆ ಮಳೆಗಾಲಕ್ಕೆಂದು ಆ ಕಡೆಯಿಂದ ಇಲ್ಲಿಗೆ ಹಾಕಿದ್ದ ಲೈನ್‌ಮ್ಯಾನ್.

"ಅವ ನಮ್ಮೊಟ್ಟಿಗೆ ಬರ್ಲೇ ಇಲ್ಲವಲ್ಲ" ಅಂದರು ಮೇಸ್ತ್ರಿ.

"ನೀವು ಹೋದ್ಮೇಲೆ ಎಸ್ಟೇಟ್ ಜೀಪ್ ಬಂತು. ಕೀ ಕೊಟ್ಟು ಅದ್ರಲ್ಲಿ ಹೋದ. ನಿಮ್ ಹತ್ರನೇ ಬಂದ ಅಂದ್ಕಂಡೆ."

"ಯಾವ ಎಸ್ಟೇಟ್?"

ಆಪರೇಟರ್ ಹೆಸರು ಹೇಳಿದರು. ಆ ಎಸ್ಟೇಟು ಇದೇ ಲೈನಿನ ಮೇಲಿತ್ತು, ಮರ ಬಿದ್ದ ಜಾಗದಿಂದ ಬಹಳ ಆಚೆ. ಮೇಸ್ತ್ರಿ ಹೊರಗಿನ ಜೀಪಿನ ಕಡೆ ತಿರುಗಿ ನೋಡಿದರು. ಅವರು ಮೆಲ್ಲಗೆ ಅಂದರು, "ಅರ್ತಿಂಗ್ ರಾಡ್ ಎರಡೂ ನಮ್ ಜೀಪಲ್ಲೇ ಉಂಟು."

ಅರ್ತಿಂಗ್ ರಾಡ್ ಎಂದರೆ, ಕೆಲಸ ಮಾಡುವ ಜಾಗದಲ್ಲಿ ತಂತಿಯನ್ನು ನೆಲಕ್ಕೆ ಸೇರಿಸುವ ಸರಳು. ತಪ್ಪಿ ಕರೆಂಟು ಬಂದರೆ ಆಳನ್ನು ಉಳಿಸುವುದು ಅದೊಂದೇ. ಅವನ ಬಳಿ ಅದೂ ಇರಲಿಲ್ಲ.

ಎಂಟರ್ ಮೇಲಿದ್ದ ಬೆರಳನ್ನು ಎತ್ತಿ, ಆ ಸಾಲನ್ನು ಹಿಂದಿನಿಂದ ಒಂದೊಂದೇ ಅಕ್ಷರ ಅಳಿಸಿದೆ. ಒಂದೇ ಸಲ ಅಳಿಸುವ ದಾರಿ ಗೊತ್ತಿದ್ದರೂ ಹೊಳೆಯಲಿಲ್ಲ. ಸಾಹೇಬರಿಗೆ ಫೋನ್ ಮಾಡಿದೆ, ಎಂಗೇಜ್. ಕೆಳಗಿನ ಸ್ಟೇಷನ್ನಿಗೆ ಮಾಡಿದೆ, ಅದೂ ಎಂಗೇಜ್. ಅವರಿಬ್ಬರೂ ಒಬ್ಬರೊಡನೊಬ್ಬರು ಮಾತಾಡುತ್ತಿದ್ದಾರೆ ಎಂದು ತಿಳಿಯಲು ಒಂದು ಕ್ಷಣವೂ ಬೇಕಾಗಲಿಲ್ಲ. ಗಡಿಯಾರದಲ್ಲಿ ಹತ್ತು ನಿಮಿಷ ಕಳೆದಿತ್ತು. ಕೆಳಗೆ ಹಸಿರು. ಆ ಹಸಿರನ್ನು ಬರೆಸಿದವಳು ನಾನು. ಮೂರೂ ಡೇಟಾಬೇಸುಗಳು ಒಂದೇ ಮಾತು ಹೇಳುವ ಹಾಗೆ ಮಾಡಲು ಆರು ತಿಂಗಳು ಒದ್ದಾಡಿದ್ದೆ. ಆ ಮನುಷ್ಯ ಕಂಬದ ಮೇಲಿರುವುದು ಮೂರಕ್ಕೂ ಗೊತ್ತಿರಲಿಲ್ಲ. ಅವನ ಹೆಸರು ಬರೆಯುವ ಗೆರೆಯನ್ನೇ ನಾನು ಅಳಿಸಿಹಾಕಿದ್ದೆ.

ಮೇಸ್ತ್ರಿ ತಮ್ಮ ಫೋನಿನಲ್ಲಿ ಅಮ್ಮತ್ತಿಯವನಿಗೆ ಮಾಡುತ್ತಲೇ ಇದ್ದರು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಮಾತು ಮತ್ತೆ ಮತ್ತೆ ಕೇಳುತ್ತಿತ್ತು.

ಆಗ ನಾನು ಮಾಡಿದ್ದು, ತರಬೇತಿಯ ದಿನ ಯಾರೂ ಮಾಡಬಾರದೆಂದು ಭಾಷಣ ಬಿಗಿದಿದ್ದನ್ನೇ. ಕೆಳಗಿನ ಸ್ಟೇಷನ್ನಿನ ಡೇಟಾಬೇಸಿಗೆ ಹೊಕ್ಕೆ. ಸೂತ್ರಧಾರನನ್ನು ಕೇಳದೆ, ಉಳಿದೆರಡಕ್ಕೆ ಹೇಳದೆ, ಅದೊಂದಕ್ಕೇ ಹೊಸ ಎಲ್‌ಸಿಯ ಸಾಲು ಬರೆದೆ. ಪಡೆದವರ ಹೆಸರು ಎಂಬಲ್ಲಿ ಮೇಸ್ತ್ರಿಯ ಹೆಸರು ಹಾಕಬಹುದಿತ್ತು, ಆದರೆ ಅವರ ಫೋನಿನ ಗುಂಡಿ ಯಾರೋ ಒತ್ತಿಬಿಟ್ಟರೆ ಎಂಬ ಭಯ. ನನ್ನ ಹೆಸರನ್ನೇ ಹಾಕಿದೆ. ನಾನು ಕಂಬ ಹತ್ತಿದವಳಲ್ಲ, ಎಲ್‌ಸಿ ಪಡೆಯುವ ಅಧಿಕಾರ ನನಗಿಲ್ಲ, ಗುತ್ತಿಗೆ ಕಂಪನಿಯವಳೊಬ್ಬಳು ಹಾಗೆ ಮಾಡಿದರೆ ಕೆಲಸ ಹೋಗಬಹುದು, ಕೇಸೂ ಆಗಬಹುದು. ಅದೆಲ್ಲ ಒಟ್ಟಿಗೆ ತಲೆಯಲ್ಲಿ ಹಾದುಹೋಯಿತು. ಈ ಸಲ ಎಂಟರ್ ಒತ್ತಿದೆ.

ಕೆಳಗಿನ ಸ್ಟೇಷನ್ ಕೆಂಪಾಯಿತೋ ಇಲ್ಲವೋ ಎಂದು ಮೂರು ಸಲ ಓದಿ ನೋಡಿದೆ. ಕೆಂಪಾಗಿತ್ತು. ಆದರೆ ನಾನು ಬರೆಯುವ ಮೊದಲೇ ಅವರು ಚಾರ್ಜ್ ಮಾಡಿಬಿಟ್ಟಿದ್ದರೆ? ಪ್ಯಾನೆಲ್ಲಿನ ಮೀಟರ್ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ಆಪರೇಟರ್ ಕನ್ನಡಕ ಏರಿಸಿ ನೋಡಿದರು. "ಲೈನ್ ಸತ್ತೈತೆ ಮೇಡಂ. ಬಂದಿಲ್ಲ" ಅಂದರು.

ಆಮೇಲೆ ಅವರು ನನ್ನ ಮುಂದೆ ಅಂಗೈ ಚಾಚಿದರು. "ಎಲ್‌ಸಿ ತಗಂಡ್ರಲ್ಲ. ಕೀ ಕೊಡಿ ಮತ್ತೆ."

ತಮಾಷೆ ಮಾಡುತ್ತಿದ್ದಾರೆಂದುಕೊಂಡು ಮುಖ ನೋಡಿದೆ. ತಮಾಷೆಯಲ್ಲ. ಬ್ಯಾಗಿನಿಂದ ಸ್ಕೂಟರಿನ ಕೀ ತೆಗೆದು ಕೊಟ್ಟೆ. ಅವರು ಅದನ್ನು ಹಳದಿ ದಾರದ ಕೀ ಪಕ್ಕದಲ್ಲಿ ನೇತುಹಾಕಿದರು.

ಅಷ್ಟರಲ್ಲಿ ಸಾಹೇಬರೇ ಫೋನ್ ಮಾಡಿದರು. "ಏನ್ ಮೇಡಂ ಇದು, ಗುಂಡಿ ಒತ್ತಿದ್ರೆ ಕೆಲಸ ಮಾಡ್ತಿಲ್ಲ ಅಂತಾರೆ. ನೋಡಿದ್ರೆ ಕೆಂಪಾಗಿದೆಯಂತೆ. ಅದರಲ್ಲಿ ನಿಮ್ಮ ಹೆಸರಿದೆಯಂತೆ."

ಕೆಳಗಿನ ಸ್ಟೇಷನ್ನಿನವರು ಗುಂಡಿ ಒತ್ತಿದ್ದರು. ನಾನು ಎಂಟರ್ ಒತ್ತಿದ್ದು ಅದಕ್ಕೆ ಎಷ್ಟು ಮೊದಲು ಎಂಬುದು ಆಮೇಲೆ ಲಾಗ್ ತೆಗೆದರೆ ಗೊತ್ತಾಗುತ್ತಿತ್ತು. ನಾನು ಇವತ್ತಿನವರೆಗೂ ಅದನ್ನು ತೆಗೆದು ನೋಡಿಲ್ಲ.

"ಸರ್, ಅಮ್ಮತ್ತಿಯಿಂದ ಬಂದಿರೋ ಲೈನ್‌ಮ್ಯಾನ್ ಆ ಎಸ್ಟೇಟಿನಲ್ಲಿ ಲೈನ್ ಮೇಲಿರಬಹುದು" ಅಂದೆ. "ಅವರು ವಾಪಸ್ ಬಂದಿಲ್ಲ. ಯಾರು ಕಳಿಸಿದ್ದೋ ಗೊತ್ತಿಲ್ಲ."

ಫೋನಿನಲ್ಲಿ ಆಫೀಸಿನ ಮೆಟ್ಟಿಲ ಮೇಲಿನ ಜನರ ಗಲಾಟೆ ಕೇಳುತ್ತಿತ್ತು.

"ನಾನೇ ಕಳಿಸಿದ್ದು. ಎಸ್ಟೇಟಿನವರು ಕಂಬದ ಮೇಲಿನ ಜಂಪರ್ ತಂತಿ ಕಡಿದೋಗಿದೆ ಅಂತ ಬೆಳಿಗ್ಗೆಯಿಂದ ಪ್ರಾಣ ತಿಂತಿದ್ರು. ಹೇಗೂ ಲೈನ್ ಎಲ್‌ಸಿಯಲ್ಲಿದೆ, ಅದರಲ್ಲೇ ಮುಗಿಸಿಬಿಡಪ್ಪ ಅಂದೆ. ಮೇಸ್ತ್ರಿಗೆ ಹೇಳೋಣ ಅಂದ್ಕೊಂಡೆ, ಅಷ್ಟರಲ್ಲಿ ಇನ್ನೊಂದು ಫೋನ್ ಬಂತು. ಮರೆತೇಬಿಟ್ಟೆ ಮೇಡಂ."

ಇದು ನಮ್ಮ ಕಡೆ ಹಳೆಯ ರೂಢಿ. ಇರುವ ಎಲ್‌ಸಿಯಲ್ಲೇ ಇನ್ನೊಂದು ಕೆಲಸ ಮುಗಿಸಿಕೊಳ್ಳುವುದು. ಮತ್ತೊಮ್ಮೆ ಲೈನ್ ತೆಗೆದರೆ ಮತ್ತಷ್ಟು ಹೊತ್ತು ಊರು ಕತ್ತಲಲ್ಲಿರುತ್ತದೆ ಎಂಬ ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಪುಸ್ತಕದ ಕಾಲದಲ್ಲಾದರೆ ಹಾಗೆ ಸೇರಿಕೊಂಡವನ ಹೆಸರನ್ನು ಯಾರಾದರೂ ಆ ನಾಲ್ಕು ಗೆರೆಗಳಲ್ಲಿ ಗೀಚುತ್ತಿದ್ದರು.

ಸಾಹೇಬರು ಎಸ್ಟೇಟಿನ ಆಫೀಸಿಗೆ ಫೋನ್ ಮಾಡಿದರು. ಅಲ್ಲಿ ಲೆಕ್ಕ ಬರೆಯುವ ರೈಟರ್ ತಾವೇ ಬೈಕ್ ಹತ್ತಿ ತೋಟದೊಳಗೆ ಹುಡುಕಿ ಹೋದರು ಎಂದು ನಮಗೆ ಸುದ್ದಿ ಬಂತು. ಮೇಸ್ತ್ರಿ ರಾಡ್ ಹಾಕಿಕೊಂಡು ಜೀಪಿನಲ್ಲಿ ಅತ್ತ ಹೊರಟರು. ಸ್ಟೇಷನ್ನಿನಲ್ಲಿ ನಾವಿಬ್ಬರೇ ಉಳಿದೆವು. ಕಾಯುವುದು ಬಿಟ್ಟರೆ ಮಾಡಲು ಏನೂ ಇರಲಿಲ್ಲ. ಮೇಲೆ ಹಳದಿ, ಕೆಳಗೆ ಕೆಂಪು. ಕೀಗಳು ಎರಡು.

ಮೂರು ಗಂಟೆಗೆ ಸ್ವಲ್ಪ ಮುಂಚೆ ನಮ್ಮ ಪರದೆ ತಾನಾಗಿಯೇ ಹಸಿರಾಯಿತು.

ನಾನು ಕಿರುಚಿದೆನಂತೆ, ಆಪರೇಟರ್ ಆಮೇಲೆ ಹೇಳಿದರು. ಕುಶಾಲನಗರದಲ್ಲಿ ಯುಪಿಎಸ್ ರಿಪೇರಿಯಾಗಿ, ಸೂತ್ರಧಾರ ಎದ್ದು, ತನ್ನ ಲಾಗ್ ಓದಿಕೊಂಡು, ಬಾಕಿಯಿದ್ದ ಮಾತನ್ನು ನಮಗೆ ಹೇಳಿ ಮುಗಿಸಿತ್ತು. ನಾನು ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. ನನ್ನ ಎಲ್‌ಸಿ ಕೆಳಗಿನದರಲ್ಲಿ ಮಾತ್ರ ಇತ್ತು. ಇಲ್ಲಿ ಹಳೆಯ ಸಾಲು ಹಳದಿಯಲ್ಲಿ ಸಿಕ್ಕಿಕೊಂಡಿದ್ದರಿಂದ ಅದನ್ನು ಇಲ್ಲಿಗೂ ಬರೆಯಲು ಆಗಿರಲಿಲ್ಲ, ಈಗ ಆ ಸಾಲು ಬಿಡಿಸಿಕೊಂಡ ಕೂಡಲೇ ಪರದೆ ಹಸಿರು. ನಾನು ತಡವರಿಸುತ್ತಾ ಇಲ್ಲಿಗೂ ಕೆಂಪು ಬರೆಯಲು ಹೊರಟೆ, ಪಾಸ್‌ವರ್ಡ್ ಎರಡು ಸಲ ತಪ್ಪಿತು.

ಆಪರೇಟರ್ ಪರದೆಯನ್ನು ನೋಡಿದರು, ಕೊಕ್ಕೆಯನ್ನು ನೋಡಿದರು. ತಮ್ಮ ಕುರ್ಚಿಯನ್ನು ಎಳೆದು ತಂದು ಪ್ಯಾನೆಲ್ಲಿಗೆ ಬೆನ್ನು ಕೊಟ್ಟು, ಗುಂಡಿಗೆ ಅಡ್ಡವಾಗಿ ಕೂತರು.

"ನಿಧಾನ ಟೈಪ್ ಮಾಡ್ಕಣಮ್ಮ" ಅಂದರು. ಅಲ್ಲಿಯವರೆಗೆ ಮೇಡಂ ಎನ್ನುತ್ತಿದ್ದರು. "ಅದು ಹಸಿರಾದ್ರೆ ಆಗ್ಲಿ. ನಾನಿಲ್ಲಿಂದ ಏಳಾಕಿಲ್ಲ."

ಮೂರನೇ ಸಲಕ್ಕೆ ಪಾಸ್‌ವರ್ಡ್ ಸರಿಹೋಯಿತು. ಪರದೆ ಕೆಂಪಾದ ಮೇಲೂ ಅವರು ಏಳಲಿಲ್ಲ.

ಮುಂದೆ ಮಾಡಿದ ಬದಲಾವಣೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಅಳಿಸಿದ ನಾಲ್ಕು ಗೆರೆಗಳನ್ನು ವಾಪಸ್ ತಂದೆ. ಯಾರ್ಯಾರ ಹೆಸರಿದೆಯೋ ಅಷ್ಟೂ ಜನ ವಾಪಸ್ ಒತ್ತದೆ ಎಲ್‌ಸಿ ಹೋಗದು. ಅದಕ್ಕಿಂತ ಮುಖ್ಯವಾಗಿ, ಈಗ ಎಲ್‌ಸಿ ವಾಪಸ್ ಬಂದಾಗ ಸ್ಟೇಷನ್ನಿನ ಡೇಟಾಬೇಸ್ ತಾನೇ 'ಸಿದ್ಧ' ಅನ್ನುವುದಿಲ್ಲ. ಮೊದಲು ಆಪರೇಟರನ್ನು ಕೇಳುತ್ತದೆ: ಕೊಕ್ಕೆಯಲ್ಲಿ ಎಷ್ಟು ಕೀ ಇದೆ? ಅವರು ಸೊನ್ನೆ ಎಂದು ಒತ್ತಿದರೆ ಮಾತ್ರ ಸೂತ್ರಧಾರನಿಗೆ ಹ್ಞೂಂ ಹೋಗುತ್ತದೆ. ಕೆಳಗಿನ ಸ್ಟೇಷನ್ನಿನಲ್ಲೂ ಕೊಕ್ಕೆ ಹೊಡೆಸಿದ್ದೇವೆ. ಒಪ್ಪಿಗೆಗಾಗಿ ಕಳಿಸಿದ ಕಾಗದದಲ್ಲಿ ಇದಕ್ಕೆ ದೊಡ್ಡ ಹೆಸರು ಕೊಡಬೇಕಾಯಿತು, ಸ್ಟೇಷನ್ನಿನಲ್ಲಿ ಎಲ್ಲರೂ ಕೊಕ್ಕೆ ಎಂದೇ ಅನ್ನುತ್ತಾರೆ.

ಮೂರೂಕಾಲಿಗೆ ಎಸ್ಟೇಟಿನ ರೈಟರ್ ಫೋನ್ ಮಾಡಿದರು. "ಸಿಕ್ಕಿದ್ರು ಮೇಡಂ. ಕೂಲಿಯವರ ಲೈನ್ ಮನೆಗಳ ಹಿಂದಿನ ಕಂಬದಲ್ಲಿದ್ರು. ಇನ್ನೂ ಮೇಲೇ ಇದ್ದಾರೆ. ಇಳೀರಿ ಅಂದ್ರೆ, ಒಂದು ಬೋಲ್ಟ್ ಬಾಕಿ ಇದೆ, ಯಾಕೆ ಅವಸರ ಅಂತಾರೆ."

ಇನ್ನೂ ಮೇಲೇ ಇದ್ದಾರೆ ಎಂಬುದೊಂದೇ ನನ್ನ ಕಿವಿಯಲ್ಲಿ ಉಳಿಯಿತು. ಅಂದರೆ ನಾನು ಆ ಸಾಲು ಟೈಪ್ ಮಾಡಿ ಅಕ್ಷರ ಅಕ್ಷರ ಓದುತ್ತಿದ್ದಾಗ, ಎರಡನೇ ಸಲ ಎಂಟರ್ ಮೇಲೆ ಬೆರಳಿಟ್ಟಾಗ, ಅಷ್ಟೂ ಹೊತ್ತು ಅವರು ಬೆಲ್ಟ್ ಕಟ್ಟಿಕೊಂಡು ಬರಿಗೈಯಲ್ಲಿ ಆ ತಂತಿ ಹಿಡಿದು ನಿಂತಿದ್ದರು. ಹೊರಗೆ ಹೋಗಿ, ಶೆಡ್ಡಿನಲ್ಲಿ ನಿಲ್ಲಿಸಿದ್ದ ಬೈಕುಗಳ ಪಕ್ಕ ನಿಂತು, ಯಾರಿಗೂ ಕೇಳದ ಹಾಗೆ ಅತ್ತೆ. ಅಲ್ಲೊಂದು ಬೈಕಿನ ಟ್ಯಾಂಕಿನ ಮೇಲೆ ಟೋಪಿ ಹಾಕಿದ ಪುಟ್ಟ ಮಗುವಿನ ಸ್ಟಿಕ್ಕರ್ ಅಂಟಿಸಿತ್ತು. ಅದು ಅವರದ್ದೇ ಬೈಕೋ ಅಲ್ಲವೋ ಗೊತ್ತಿಲ್ಲ.

ನಾಲ್ಕರ ಹೊತ್ತಿಗೆ ಮೇಸ್ತ್ರಿಯ ಜೀಪಿನಲ್ಲಿ ಅಮ್ಮತ್ತಿಯವರು ಬಂದರು. ಮೂವತ್ತೈದರ ಆಸುಪಾಸಿನ, ಸಣ್ಣ ಮೀಸೆಯ ಮನುಷ್ಯ. ಬಾಗಿಲಲ್ಲಿ ನಿಂತು ಟೋಪಿಯ ನೀರು ಕೊಡವಿದರು. ನಾನು ಕಣ್ಣು ಕೀಳದೆ ನೋಡುತ್ತಿದ್ದುದಕ್ಕೆ ಅವರಿಗೆ ಮುಜುಗರವಾಯಿತು.

"ಎಂತ ಆಯ್ತು ಮೇಡಂ? ಸಾಹೇಬ್ರು ಮೇಸ್ತ್ರಿ ಫೋನಲ್ಲಿ ಅಳ್ತಾ ಇದ್ರು. ನಂಗೆ ಯಾರೂ ಸರಿ ಹೇಳ್ತಾ ಇಲ್ಲ" ಅಂದರು.

ಆಪರೇಟರ್ ಎದ್ದು ಹಳದಿ ದಾರದ ಕೀ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಕೆಲಸ ಮುಗೀತಾ? ಸಾಮಾನು ಇಳಿಸಿದ್ಯಾ? ಇನ್ಯಾರೂ ಇಲ್ಲ ತಾನೆ?" ಎಂದು ಪ್ರತಿದಿನ ಕೇಳುವಂತೆಯೇ ಕೇಳಿದರು. ಆ ಮನುಷ್ಯ ಮೂರಕ್ಕೂ ಉತ್ತರ ಕೊಟ್ಟು ಕೀ ಇಸಿದುಕೊಂಡರು.

ಕೊಕ್ಕೆಯಲ್ಲಿ ಈಗ ನನ್ನ ಕೀ ಮಾತ್ರ. ಸಾಹೇಬರು ಫೋನಿನಲ್ಲಿ ಕಾಯುತ್ತಿದ್ದರು, ಮೆಟ್ಟಿಲ ಮೇಲೆ ಜನ ಕಾಯುತ್ತಿದ್ದರು. ನಾನು ಕಂಪ್ಯೂಟರಿನ ಕಡೆ ಹೊರಟೆ.

"ಮೊದ್ಲು ಇಲ್ಲಿ ಬಾಮ್ಮ" ಅಂದರು ಆಪರೇಟರ್. "ಎಲ್‌ಸಿ ನಿನ್ನ ಹೆಸರಲ್ಲೈತೆ. ಬಾಯಲ್ಲಿ ಹೇಳು. ನಿನ್ನ ಕಡೆ ಎಷ್ಟು ಜನ?"

"ಒಬ್ಬರು."

"ಇಳಿದ್ರಾ?"

"ಇಳಿದರು."

"ಕಣ್ಣಾರೆ ಕಂಡ್ಯಾ?"

ನಾನು ತಿರುಗಿ ನೋಡಿದೆ. ಆ ಮನುಷ್ಯ ಬಾಗಿಲ ಹೊರಗೆ ಬೈಕಿನ ಸೀಟಿನ ಮೇಲಿನ ನೀರನ್ನು ಅಂಗೈಯಿಂದ ಒರೆಸುತ್ತಿದ್ದರು. ಒರೆಸಿ, ಕೂತು, ಕೀ ತಿರುಗಿಸಿ, ಕಿಕ್ ಹೊಡೆದರು. ಎರಡು ಸಲ ಹೊಡೆದ ಮೇಲೆ ಬೈಕ್ ಸ್ಟಾರ್ಟ್ ಆಯಿತು.

"ಕಂಡೆ" ಅಂದೆ.

ಆಪರೇಟರ್ ನನ್ನ ಕೀಯನ್ನು ಕೊಕ್ಕೆಯಿಂದ ತೆಗೆದು ನನ್ನ ಕೈಯಲ್ಲಿಟ್ಟರು.